ತಿದ್ದಿಸಿದ ಸಹಿ

ಹಾಸ್ಟೆಲ್,
ಭಾನುವಾರ, ಮಧ್ಯಾಹ್ನ

ಪ್ರೀತಿಯ ದೊಡ್ಡಮ್ಮನಿಗೆ,

ಮೊದಲಿಗೆ ಸಾರಿ. ಈ ಕಾಗದ ಬರೆಯುತ್ತಿರುವುದಕ್ಕೇ ಸಾರಿ. ಕವರಿನ ಮೇಲೆ ನನ್ನ ಅಕ್ಷರ ನೋಡಿ ನೀವು ಒಡೆಯದೆ ಪಕ್ಕಕ್ಕಿಟ್ಟರೂ ನಾನು ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ ಅಂತ ನನಗೆ ತಿಳಿದದ್ದು ನಿಮ್ಮ ಹುಟ್ಟಿದ ದಿನ. ಹ್ಯಾಪಿ ಬರ್ತ್‌ಡೇ ಕಳಿಸಿ, ಅದು ಹೋಗುತ್ತಾ ಹೋಗುತ್ತಾ ಅಂತ ಕ್ಲಾಸಿನಲ್ಲೂ ಕದ್ದು ಕದ್ದು ನೋಡಿದೆ. ಸಂಜೆ ರೂಮ್‌ಮೇಟ್ ಹೇಳಿದಳು, 'ನೆಟ್‌ವರ್ಕ್ ಇಲ್ಲದೆ ಅಲ್ಲ, ಮನಸ್ಸಿಲ್ಲದೆ ಹೋಗಿಲ್ಲ ಅದು' ಅಂತ.

ವಕೀಲರು ಬೇರೆ ಬೈಯುತ್ತಾರೆ. ಕೇಸು ನಡೆಯುವಾಗ ನಮ್ಮ ಕಡೆಯವರು ದೂರು ಕೊಟ್ಟವರ ಹತ್ತಿರ ಮಾತಾಡಲೇಬಾರದಂತೆ, ಸಾಕ್ಷಿಯ ಮೇಲೆ ಒತ್ತಡ ಹಾಕಿದ ಹಾಗೆ ಆಗುತ್ತದಂತೆ. ನಾನು ಒತ್ತಡ ಹಾಕುವವಳೇ ದೊಡ್ಡಮ್ಮ? ಲಿಫ್ಟಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಅದಕ್ಕೂ ಸಾರಿ ಅನ್ನುವ ಜಾತಿ ನಾನು. ಅಮ್ಮನಿಗೆ ಈ ಕಾಗದದ ವಿಷಯ ಗೊತ್ತಿಲ್ಲ.

ನನ್ನ ಕನ್ನಡಕ್ಕೂ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ಮೂರನೇ ಕ್ಲಾಸಿನಿಂದ ನಾನು ಹಾಸ್ಟೆಲ್ಲುಗಳಲ್ಲೇ ಬೆಳೆದದ್ದು ನಿಮಗೆ ಗೊತ್ತು. ನಿನಗೆ ಕನಸು ಯಾವ ಭಾಷೆಯಲ್ಲಿ ಬೀಳುತ್ತೆ ಅಂತ ಯಾರಾದರೂ ಕೇಳಿದರೆ, ಪರೀಕ್ಷೆಯ ಕನಸು ಇಂಗ್ಲಿಷಿನಲ್ಲಿ, ಬೈಸಿಕೊಳ್ಳುವ ಕನಸು ಕನ್ನಡದಲ್ಲಿ ಅನ್ನುತ್ತೇನೆ. ಈ ಕಾಗದವನ್ನೂ ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಓದಿ ನೋಡಿದರೆ ಬ್ಯಾಂಕಿನವರು ಕಳಿಸಿದ ನೋಟಿಸಿನ ಹಾಗಿತ್ತು. ಹರಿದು ಹಾಕಿದೆ.

ವಿಷಯಕ್ಕೆ ಬರುತ್ತೇನೆ. ಬರುವ ಶುಕ್ರವಾರ ಮೇಲಿನ ಕೋರ್ಟಿನಲ್ಲಿ ಅಮ್ಮನ ಅರ್ಜಿ ಇದೆ. ಅಜ್ಜನ ಸಹಿಯನ್ನು ಅಮ್ಮ ನಕಲು ಮಾಡಿ, ಮೋಸದಿಂದ ಅಂಗಡಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಳು ಎಂದು ನೀವು ಕೊಟ್ಟ ದೂರಿನ ಮೇಲೆ ನಡೆಯುತ್ತಿರುವ ಕ್ರಿಮಿನಲ್ ಕೇಸನ್ನು ರದ್ದು ಮಾಡಿ ಎನ್ನುವ ಅರ್ಜಿ. ಹೋದ ಸಲ ನ್ಯಾಯಾಧೀಶರು ಕಡತ ತಿರುವಿ ಹಾಕಿ, ಕನ್ನಡಕ ತೆಗೆದು, 'ಅಂಗಡಿ ಯಾರದು ಅನ್ನೋದನ್ನ ಸಿವಿಲ್ ಕೋರ್ಟು ನೋಡ್ಕೊಳ್ಳತ್ತೆ. ಅಕ್ಕತಂಗಿ ಮಧ್ಯೆ ಜೈಲು ಯಾಕ್ ಬಂತು? ದೂರು ಕೊಟ್ಟವರು ಖುದ್ದಾಗಿ ಬರ್ಲಿ, ಅವರ ಬಾಯಿಂದಾನೇ ಕೇಳ್ತೀನಿ' ಅಂದರಂತೆ. ನೀವು ಬಂದು, ಅದು ನನ್ನಪ್ಪನದೇ ಕೈ ಅಂದರೆ ಎಲ್ಲ ಮುಗಿದ ಹಾಗೆ. ನೀವು ಬರದಿದ್ದರೆ, ಅಥವಾ ಬಂದು ದೂರಿಗೇ ಅಂಟಿಕೊಂಡರೆ, ವಿಚಾರಣೆ ಶುರುವಾಗುತ್ತದೆ. ಅಮ್ಮ ಕಟಕಟೆಯಲ್ಲಿ ನಿಲ್ಲಬೇಕು. ಸೋತರೆ ಎಷ್ಟು ವರ್ಷ ಅಂತ ವಕೀಲರು ಹೇಳುವಾಗ ನಾನು ಅವರ ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯನ್ನೇ ನೋಡುತ್ತಿದ್ದೆ.

ಪೊಲೀಸರು ಕೋರ್ಟಿಗೆ ಕೊಟ್ಟ ದೋಷಾರೋಪಣ ಪಟ್ಟಿಯನ್ನು ಓದಿ ಓದಿ ನಮ್ಮ ಮನೆಯ ಕಥೆ ನನಗೆ ಯಾರದೋ ಮನೆಯದು ಅನ್ನಿಸಿಬಿಟ್ಟಿದೆ. ಅದರಲ್ಲಿ ಅಜ್ಜ 'ಮೃತರು', ಅಮ್ಮ 'ಆರೋಪಿ', ನೀವು 'ದೂರುದಾರರು'. ನಿಮಗೆ ಗೊತ್ತಿರುವುದನ್ನೇ ಒಂದು ಸಲ ನಮ್ಮ ಮಾತಿನಲ್ಲಿ ಬರೆದು ನೋಡುತ್ತೇನೆ, ತಪ್ಪು ತಿಳಿಯಬೇಡಿ.

ಅಜ್ಜ ಒಂದನೇ ಕ್ಲಾಸಿನ ಮೇಷ್ಟ್ರು. ಜೀವನವಿಡೀ ಒಂದನೇ ಕ್ಲಾಸು. ಬಡ್ತಿ ಕೊಡುತ್ತೇವೆ ಎಂದರೂ ಬೇಡ ಅಂದವರು. ನಿವೃತ್ತಿಯಾದ ಮೇಲೆ ಶಾಲೆಯ ಎದುರಿಗೇ ಪೆನ್ನು, ಪುಸ್ತಕ, ಜೆರಾಕ್ಸಿನ ಅಂಗಡಿ ಇಟ್ಟರು. ನೀವು ಮದುವೆಯಾಗಿ ದೂರ ಹೋದಿರಿ. ಅಪ್ಪ ಹೋದ ಮೇಲೆ ಅಮ್ಮ ಅಂಗಡಿಯ ಮೇಲಿನ ಎರಡು ಕೋಣೆಗೆ ವಾಪಸು ಬಂದು ಅಂಗಡಿ ನೋಡಿಕೊಂಡಳು. ಅಜ್ಜನಿಗೆ ಮೊದಲ ಸಲ ಸ್ಟ್ರೋಕ್ ಆದಾಗ ಬರೀ ನಾಲಿಗೆ ತೊದಲಿತು. ಆಗಲೇ ಅವರು ಪತ್ರ ಬರೆಯುವವರನ್ನು ಮನೆಗೆ ಕರೆಸಿ, ಅಂಗಡಿ ಚಿಕ್ಕವಳಿಗೆ ಎಂದು ದಾನಪತ್ರ ಸಿದ್ಧ ಮಾಡಿಸಿದ್ದು. ದೊಡ್ಡವಳಿಗೆ ನಾನೇ ಹೇಳಬೇಕು ಎಂದು ಅಜ್ಜ ದಿನ ದೂಡುತ್ತಿದ್ದರಂತೆ. ಅಷ್ಟರಲ್ಲಿ ಎರಡನೆಯ ಸ್ಟ್ರೋಕ್. ಬಲಗೈ ಹೋಯಿತು. ಸಹಿ ಬಾಕಿ ಉಳಿಯಿತು.

ಅಮ್ಮ ಹೇಳಿದ್ದು ಇಷ್ಟು: ನೋಂದಣಿ ಅಧಿಕಾರಿ ಮನೆಗೇ ಬಂದರು. ಓದಿ ಹೇಳಿದರು. 'ಮನಸಾರೆ ಕೊಡ್ತಿದೀರಾ ಮೇಷ್ಟ್ರೇ?' ಅಂತ ಕೇಳಿದರು. ಅವರೂ ಅಜ್ಜನ ಹತ್ತಿರವೇ ಅಕ್ಷರ ಕಲಿತವರಂತೆ, ಅದಕ್ಕೇ ಮೇಷ್ಟ್ರೇ ಅಂದರು. ಅಜ್ಜ ತಲೆಯಾಡಿಸಿದರು. ಹೆಬ್ಬೆಟ್ಟು ಒತ್ತಿಸಿ ಸಾಕು ಅಂದರೆ ಅಜ್ಜನ ಮುಖ ಕೆಂಪಾಯಿತಂತೆ. ಊರಿಗೆಲ್ಲ ಅಕ್ಷರ ಕಲಿಸಿದವರು ಹೆಬ್ಬೆಟ್ಟು ಒತ್ತುವುದೇ? ಎಡಗೈ ಚಾಚಿ ಪೆನ್ನು ಕೊಡು ಎಂದು ಬೆರಳು ಆಡಿಸಿದರು. ಎಡಗೈಯಲ್ಲಿ ಅಭ್ಯಾಸವಿಲ್ಲ, ಪೆನ್ನು ಜಾರುತ್ತದೆ. ಅಮ್ಮ ಆ ಕೈಯ ಮೇಲೆ ತನ್ನ ಕೈಯಿಟ್ಟು ತಿದ್ದಿಸಿದಳು.

ಇಲ್ಲೇ ದೊಡ್ಡಮ್ಮ, ಈ ಒಂದು ಮಾತಿನಲ್ಲೇ ನಾವೆಲ್ಲ ಸಿಕ್ಕಿಹಾಕಿಕೊಂಡಿರುವುದು.

ಅಜ್ಜ ಹೋದ ಮೇಲೆ ದಾನಪತ್ರದ ವಿಷಯ ತಿಳಿದು ನೀವು ಫೋನ್ ಮಾಡಿ, ಕೈಯೇ ಬಾರದ ಮನುಷ್ಯ ಸಹಿ ಹೇಗೆ ಮಾಡಿದರು ಎಂದು ಕೇಳಿದಿರಿ. ಅಮ್ಮ ಅಂಗಡಿಯಲ್ಲಿದ್ದಳು. ಜೆರಾಕ್ಸ್ ಮೆಷಿನ್ ಓಡುತ್ತಿತ್ತು. 'ನಾನೇ ತಿದ್ದಿಸ್ದೆ ಅಕ್ಕಾ' ಅಂದಳು. ನಿಮ್ಮ ದೂರಿನಲ್ಲಿ ಇರುವುದು, 'ಸಹಿಯನ್ನು ತಾನೇ ತಿದ್ದಿದ್ದಾಗಿ ಆರೋಪಿಯು ದೂರವಾಣಿಯಲ್ಲಿ ಒಪ್ಪಿಕೊಂಡಿರುತ್ತಾಳೆ' ಎಂದು. ಮಧ್ಯದಲ್ಲಿದ್ದ ಒಂದು ಸಕಾರ ಎಲ್ಲಿ ಬಿತ್ತೋ ಗೊತ್ತಿಲ್ಲ. ಮೆಷಿನ್ನಿನ ಸದ್ದಿನಲ್ಲಿ ಬಿತ್ತೋ, ಠಾಣೆಯಲ್ಲಿ ಟೈಪು ಮಾಡುವವರ ಬೆರಳಿನ ಸಂದಿಯಲ್ಲಿ ಬಿತ್ತೋ. ತಿದ್ದಿಸಿದವಳು ತಿದ್ದಿದವಳಾದಳು. ಕೈ ಹಿಡಿದು ಬರೆಸಿದವಳು ಕಳ್ಳಿಯಾದಳು.

ಇದನ್ನು ಸರಿಪಡಿಸಲು ಹೋಗಿ ನಾನು ಇನ್ನಷ್ಟು ಹಾಳು ಮಾಡುವವಳಿದ್ದೆ. ಮೇಲಿನ ಕೋರ್ಟಿನ ಅರ್ಜಿ ಇಂಗ್ಲಿಷಿನಲ್ಲಿ ಇರಬೇಕಲ್ಲ, 'ನಿಮ್ಮ ಹುಡುಗಿ ಇಂಗ್ಲಿಷ್ ಓದಿದಾಳೆ, ಅವಳೇ ಬರೆದು ಕೊಡ್ಲಿ, ಆಮೇಲೆ ನಾನು ನೋಡ್ತೀನಿ' ಅಂದರು ವಕೀಲರು. ತಿದ್ದಿಸಿದಳು ಅನ್ನುವುದಕ್ಕೆ ಮೊದಲು 'ಕರೆಕ್ಟ್ ಮಾಡಿಸಿದಳು' ಅಂತ ಬರೆದೆ. ವಕೀಲರು ಹುಬ್ಬೇರಿಸಿ, 'ಏನನ್ನ ಕರೆಕ್ಟ್ ಮಾಡಿಸಿದ್ರು? ಅಂದ್ರೆ ಮೊದಲು ಬೇರೆ ಏನೋ ಇತ್ತು ಅಂತಾಯ್ತಲ್ಲ?' ಅಂದರು. ಹೊಡೆದು ಹಾಕಿ 'ಟ್ರೇಸ್ ಮಾಡಿಸಿದಳು' ಅಂತ ಬರೆದೆ. ತಲೆಯ ಮೇಲೆ ಕೈಯಿಟ್ಟುಕೊಂಡರು. 'ತಾಯಿ, ಅಸಲಿ ಸಹಿ ಮೇಲೆ ಕಾಗದ ಇಟ್ಟು ನಕಲು ಮಾಡ್ತಾರಲ್ಲ, ಅದನ್ನೇ ಟ್ರೇಸಿಂಗ್ ಅನ್ನೋದು. ನಿಮ್ಮಮ್ಮನ್ನ ಒಳಗೆ ಹಾಕ್ಸೋದಕ್ಕೆ ನಿಮ್ಮ ದೊಡ್ಡಮ್ಮ ಬೇಡ, ನೀನೊಬ್ಬಳೇ ಸಾಕು' ಅಂದರು. ಅವರು ತಮಾಷೆಗೇ ಅಂದದ್ದು. ನಾನು ಅಲ್ಲಿ ನಕ್ಕೆ. ಬಸ್ಸಿನಲ್ಲಿ ಅತ್ತೆ.

ಎಷ್ಟು ಹುಡುಕಿದರೂ ಆ ಮಾತು ಇಂಗ್ಲಿಷಿನಲ್ಲಿ ಸಿಗಲಿಲ್ಲ ದೊಡ್ಡಮ್ಮ. ಮಗುವಿನ ಹಿಂದೆ ಕೂತು, ಅದರ ಪುಟ್ಟ ಮುಷ್ಟಿಯನ್ನು ನಮ್ಮ ಕೈಯೊಳಗೆ ತೆಗೆದುಕೊಂಡು, ಬರೆದ ಅಕ್ಷರದ ಮೇಲೇ ಮತ್ತೆ ಮತ್ತೆ ಓಡಿಸುವುದು. ನನಗೂ ಅಜ್ಜ ರಜೆಯಲ್ಲಿ ಹಾಗೆಯೇ ತಿದ್ದಿಸಿದ್ದು, ಇಲ್ಲದಿದ್ದರೆ ಈ ಕಾಗದವನ್ನು ನಾನು ಬರೆಯುವುದೂ ಆಗುತ್ತಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದವರು ನೀವು. ಅಲ್ಲಿ ಆ ಮಾತಿಗೆ ಏನರ್ಥ ಅಂತ ನಿಮಗೆ ಗೊತ್ತು.

ಕೈಬರಹದ ತಜ್ಞರ ವರದಿಯೂ ಬಂದಿದೆ. ಸಹಿಯ ಅಕ್ಷರಗಳ ಓಟ ಆರೋಪಿಯ ಬರವಣಿಗೆಗೆ ಹೊಂದುತ್ತದೆ ಎಂದು ಬರೆದಿದ್ದಾರೆ. ಹೊಂದದೆ ಇನ್ನೇನು? ಮೇಲಿದ್ದ ಕೈ ಅಮ್ಮನದಲ್ಲವೇ? ನಮ್ಮ ಕಾಲೇಜಿನಲ್ಲಿ (ನಾನು ಹಲ್ಲಿನ ಡಾಕ್ಟರ್ ಓದಲು ಸೇರಿದ್ದು ನಿಮಗೆ ಹೇಳುವುದಕ್ಕೇ ಆಗಲಿಲ್ಲ) ಮೊದಲ ವರ್ಷದಲ್ಲಿ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಮೊದಲ ದವಡೆ ಹಲ್ಲು ಕೆತ್ತಿದಾಗ ಮೇಡಂ ನೋಡಿ, 'ಇದು ಹಲ್ಲೋ, ಆನೆ ತುಳಿದ ಸೋಪೋ?' ಅಂದರು. ಆಮೇಲೆ ಹಿಂದೆ ನಿಂತು ನನ್ನ ಕೈ ಹಿಡಿದು ಒಂದು ಇಡೀ ಹಲ್ಲು ಕೆತ್ತಿಸಿದರು. ಅದರ ತಳದಲ್ಲಿ ನನ್ನ ರೋಲ್ ನಂಬರನ್ನೇ ಕೊರೆಸಿದರು. ಬೇಡ ಮೇಡಂ, ಇದು ನಿಮ್ಮದು ಅಂದೆ. 'ಕತ್ತಿ ಯಾರ ಬೆರಳಲ್ಲಿತ್ತು? ನಿನ್ನ ಬೆರಳಲ್ಲಿ. ಹಲ್ಲೂ ನಿನ್ನದೇ. ಬಾಯ್ಮುಚ್ಚಿ ತಗೊಂಡ್ಹೋಗು' ಅಂದರು. ಇದನ್ನು ವಕೀಲರಿಗೆ ಹೇಳಿದೆ. ಕೋರ್ಟಿನಲ್ಲಿ ಹಲ್ಲಿನ ವಿಷಯ ಎತ್ತಲು ಆಗುವುದಿಲ್ಲವಂತೆ.

ಅಮ್ಮ ಈಗ ಹೇಗಿದ್ದಾಳೆ ಎಂದು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಅಂಗಡಿ ತೆಗೆಯುತ್ತಾಳೆ. ಹೋದ ತಿಂಗಳು ನಾನು ಹೋಗಿದ್ದಾಗ ಪಕ್ಕದ ಬೀದಿಯ ದರ್ಜಿ ಬಂದು, 'ಒಂದು ಒಳ್ಳೇ ಸಹಿ ಮಾಡೋ ಪೆನ್ ಕೊಡಮ್ಮಾ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ' ಅಂದ. ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕೆಂದರು. ಅಮ್ಮ ಡಬ್ಬಿಯಿಂದ ಪೆನ್ನು ತೆಗೆದು, ರಟ್ಟಿನ ಮೇಲೆ ಗೀಚಿ ಶಾಯಿ ಬರುತ್ತಾ ನೋಡಿ, ಕೊಟ್ಟಳು. ಚಿಲ್ಲರೆಯನ್ನೂ ಸರಿಯಾಗಿ ಕೊಟ್ಟಳು. ಅವನು ಹೋದ ಮೇಲೆ ಪುಸ್ತಕದ ಕಟ್ಟುಗಳ ಹಿಂದೆ ಹೋಗಿ ಕೂತವಳು, ಗಿರಾಕಿ ಕೂಗಿದರೂ ಏಳಲಿಲ್ಲ. ನಾನೇ ರಬ್ಬರು, ಶಾರ್ಪನರು ಮಾರಿದೆ. ಒಂದು ಪುಟ್ಟ ಹುಡುಗಿ, 'ಆಂಟಿಗೆ ಹುಷಾರಿಲ್ವಾ?' ಅಂತ ಕೇಳಿದಳು. ಹೌದು, ಜ್ವರ ಅಂದೆ.

ಠಾಣೆಯಲ್ಲಿ ಅಮ್ಮನ ಕೈಬರಹದ ಮಾದರಿ ತೆಗೆದುಕೊಂಡ ದಿನವೂ ನಾನು ಜೊತೆಗಿದ್ದೆ. ಅಜ್ಜನ ಹೆಸರನ್ನು ಒಂದರ ಕೆಳಗೆ ಒಂದು, ಪುಟಗಟ್ಟಲೆ ಬರೆಸಿದರು. ಸತ್ತ ಅಪ್ಪನ ಹೆಸರನ್ನು ಹೀಗೆ ಬರೆಯುವುದು ಹೇಗಿರುತ್ತದೆ ಅಂತ ಯೋಚನೆ ಮಾಡಿ. ಬರೆಯುತ್ತಾ ಬರೆಯುತ್ತಾ ಅಮ್ಮ ಒಂದು ಕಡೆ ನಿಲ್ಲಿಸಿ, ಪೊಲೀಸಿನವರಿಗೆ, 'ಸಾರ್, ಈ ಅಕ್ಷರ ಚೆನ್ನಾಗಿ ಬಂದಿಲ್ಲ, ಇನ್ನೊಂದು ಸಲ ಬರೀಲಾ?' ಅಂತ ಕೇಳಿದಳು. ಒಂದನೇ ಕ್ಲಾಸಿನ ಮೇಷ್ಟ್ರ ಮಗಳು ಅಲ್ವಾ. ಆ ಮನುಷ್ಯ ಹಾಳೆಯನ್ನು ತಮ್ಮ ಕಡೆ ತಿರುಗಿಸಿ ನೋಡಿ, 'ಪರವಾಗಿಲ್ಲಮ್ಮ, ಹೇಗೆ ಬಂದ್ರೂ ನಡೆಯತ್ತೆ' ಅಂದರು.

ಅಂಗಡಿಯಲ್ಲಿ ನಿಮಗೂ ಪಾಲು ಬೇಕಿದ್ದರೆ ಅಮ್ಮ ಕೊಡುತ್ತಾಳೆ. ಪೂರ್ತಿ ಬೇಕು ಅಂದರೂ ಕೊಡುತ್ತಾಳೆ ಅಂತ ಒಂದೊಂದು ಸಲ ನನಗೆ ಅನ್ನಿಸುತ್ತದೆ. ಕೇಸು ಬೀಳುವುದಕ್ಕೆ ಮುಂಚೆ ನೀವು ಅದನ್ನು ಕೇಳಲೇ ಇಲ್ಲ. ಅದೇ ನನಗೆ ಆಶ್ಚರ್ಯ. ಅಲ್ಲ, ಆಶ್ಚರ್ಯ ಅಲ್ಲ. ಬಿಡಿ.

ಶುಕ್ರವಾರ ಬನ್ನಿ ದೊಡ್ಡಮ್ಮ. ಅಮ್ಮನ ಮುಖ ನೋಡುವುದು ಬೇಡ, ಅವಳ ಜೊತೆ ಮಾತಾಡುವುದೂ ಬೇಡ, ನಾನು ಮಧ್ಯದಲ್ಲಿ ಕೂರುತ್ತೇನೆ. ಕೇಳಿದ್ದಕ್ಕೆ ಉತ್ತರ ಹೇಳಿ ಹೋಗಿಬಿಡಿ. ಸಣ್ಣವಳಾಗಿದ್ದಾಗ ನಾನು ರಾಗ ತೆಗೆದು ಅಳುತ್ತಿದ್ದರೆ ಎತ್ತಿಕೊಂಡು ಓಣಿಯ ಉದ್ದಕ್ಕೂ ಓಡಾಡಿಸುತ್ತಿದ್ದವರು ನೀವೇ ಅಂತೆ, ನನಗೆ ಈ ಅಡ್ಡಹೆಸರು ಇಟ್ಟವರೂ ನೀವೇ. ಆ ಸಲಿಗೆಯಿಂದ ಕೇಳುತ್ತಿದ್ದೇನೆ. ಬೇರೆ ಯಾವ ಹಕ್ಕೂ ನನಗಿಲ್ಲ.

ಇಂತಿ ನಿಮ್ಮ,
ಪಿಟೀಲು

ತಾ.ಕ. ಕವರು ಅಂಟಿಸಿದ್ದೆ. ಬಟ್ಟೆ ಒಣಗಿಸಲು ಹೋಗಿ ಬಂದು, ಹರಿದು, ಮತ್ತೆ ಬರೆಯುತ್ತಿದ್ದೇನೆ.

ಆ ದಿನದ ಬಗ್ಗೆ 'ಅಮ್ಮ ಹೇಳಿದ್ದು' ಎಂದು ಮೇಲೆ ಬರೆದೆ. ನಾನೂ ಅಲ್ಲೇ ಇದ್ದೆ. ರಜೆಗೆ ಬಂದಿದ್ದೆ. ಅಜ್ಜನ ಬೆನ್ನು ಜಾರದ ಹಾಗೆ ಮಂಚದ ಮೇಲೆ ಹಿಂದೆ ಮಂಡಿಯೂರಿ, ಅವರನ್ನು ಎದೆಗೆ ಆನಿಸಿಕೊಂಡಿದ್ದವಳು ನಾನೇ. ಅಧಿಕಾರಿಗೆ ದಿಂಬಿನ ಹಾಗೆ ಕಂಡಿರಬೇಕು, ನನ್ನ ಹೆಸರು ಎಲ್ಲೂ ಬರೆದುಕೊಳ್ಳಲಿಲ್ಲ. ಪೊಲೀಸರೂ ಕೇಳಲಿಲ್ಲ. ವಕೀಲರಿಗೆ ಹೇಳಿದಾಗ, ಯಾರೂ ಕೇಳದಿದ್ದರೆ ನೀನಾಗಿ ಬಾಯಿ ಬಿಡುವುದು ಬೇಡ ಎಂದರು.

ಅಮ್ಮ ಕೈ ಹಿಡಿದು ಮೊದಲ ಅಕ್ಷರ ಎಳೆಯುತ್ತಿದ್ದ ಹಾಗೆ ಅಜ್ಜ ಮಾತಾಡಿದರು. ಅವರ ತೊದಲು ನಮಗೆ ಮಾತ್ರ ತಿಳಿಯುತ್ತಿತ್ತು. 'ಹೆದರ್ಬೇಡ ಮಗಾ. ಎಡಗೈಲೇ ಬರಿ. ನಾನಿನ್ನು ಹೊಡಿಯಲ್ಲ.' ಎರಡು ಸಲ ಅಂದರು. ಅಧಿಕಾರಿ, 'ಏನಂತೆ?' ಅಂದರು. ಅಮ್ಮ ತಲೆ ಎತ್ತದೆ, 'ಎಡಗೈ ಅಭ್ಯಾಸ ಇಲ್ಲ ಅಂತಿದಾರೆ ಸಾರ್' ಅಂದಳು. ಸಹಿ ಮುಗಿಸಿದಳು.

ಆಮೇಲೆ ಅಡುಗೆಮನೆಯಲ್ಲಿ ಕೇಳಿದೆ, ಅಮ್ಮಾ, ನೀನು ಎಡಗೈಯವಳಾ, ಅಜ್ಜ ನಿನ್ನ ಹೊಡೀತಿದ್ರಾ ಅಂತ. 'ನಾನಲ್ಲ, ನಿನ್ನ ದೊಡ್ಡಮ್ಮ' ಅಂದಳು. ನೀವು ಬಲಗೈಯಲ್ಲಿ ಬರೆಯುವುದನ್ನಷ್ಟೇ ನಾನು ನೋಡಿದ್ದು. ಮೇಷ್ಟ್ರ ಮಗಳೇ ಎಡಗೈಯಲ್ಲಿ ಬರೆದರೆ ಹೇಗೆ ಎಂದು, ಆ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಬಿಚ್ಚಿಕೊಂಡರೆ ಗೆಣ್ಣಿಗೆ ಹೊಡೆದು, ಬಲಗೈ ಹಿಡಿದು ತಿದ್ದಿಸುತ್ತಿದ್ದರಂತೆ. ಅಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳಂತೆ. ಆ ಮಾತಿಗೆ ಏನರ್ಥ ಅಂತ ನಿಮಗೆ ಗೊತ್ತು ಎಂದು ಮೇಲೆ ಎಷ್ಟು ಸುಲಭವಾಗಿ ಬರೆದುಬಿಟ್ಟೆ. ಕ್ಷಮಿಸಿ.

ಅಜ್ಜ ಹೋದ ಮೇಲೆ ನೀವು ಬಂದಿದ್ದಾಗ ಅಮ್ಮನನ್ನು ಒಂದೇ ಒಂದು ಮಾತು ಕೇಳಿದಿರಿ, ಕೊನೆಯಲ್ಲಿ ನನ್ನ ಬಗ್ಗೆ ಏನಾದರೂ ಅಂದರಾ ಎಂದು. ಅಮ್ಮ ಅವರ ಟವೆಲುಗಳನ್ನು ಮಡಚುತ್ತಾ, 'ಏನೂ ಇಲ್ಲಕ್ಕ' ಅಂದಳು. ನಾನು ಬಾಗಿಲಲ್ಲಿದ್ದೆ. ನಿಮ್ಮ ಮುಖ ನೋಡಿದೆ. ನೀವು ದೂರು ಕೊಟ್ಟದ್ದು ಅಂಗಡಿಗಾಗಿ ಅಲ್ಲ ಅಂತ ನನಗೆ ಆವತ್ತಿನಿಂದ ಗೊತ್ತು.

ಅಮ್ಮ ಹೇಳದೇ ಇದ್ದದ್ದು, ಅಜ್ಜನಿಗೆ ಆಗ ನೆನಪಿನ ಸ್ಥಿಮಿತ ಇರಲಿಲ್ಲ ಎಂದಾಗಿ ಸಹಿ ಬಿದ್ದುಹೋಗುತ್ತದೆ ಎನ್ನುವ ಹೆದರಿಕೆಗೂ ಹೌದು. ಅಷ್ಟೇ ಅಲ್ಲ. 'ಎತ್ತಿದ್ದು ನಾನು, ಇಳಿಸಿದ್ದು ನಾನು, ತೊಳೆದಿದ್ದು ನಾನು. ಕೊನೆಗೆ ನನ್ನ ಕೈಯೊಳಗೆ ಅವಳ ಕೈ ಹುಡುಕಿದ್ರು' ಅಂದಳು. ಅದೊಂದು ಸಲ ಬಿಟ್ಟರೆ ಮತ್ತೆ ಆ ಮಾತು ಎತ್ತಿಲ್ಲ.

ಅಂಗಡಿ ಅಮ್ಮನಿಗೇ ಎಂದು ಅಜ್ಜ ಮೊದಲೇ ಬರೆಸಿದ್ದು ನಿಜ. ಸಹಿ ಮಾಡುವಾಗ ಅವರು ಮನಸ್ಸಿನಲ್ಲಿ ನಿಮ್ಮ ಜೊತೆ ಇದ್ದದ್ದೂ ನಿಜ. ಎರಡನೆಯದನ್ನು ನೀವು ಶುಕ್ರವಾರ ಕೋರ್ಟಿನಲ್ಲಿ ಹೇಳಿದರೆ ಅಮ್ಮನ ಅರ್ಜಿ ನಿಲ್ಲುವುದಿಲ್ಲ, ಅದು ನನಗೆ ಗೊತ್ತು. ಹೇಳಬೇಡಿ ಅಂತ ಕೇಳುವುದು ನನ್ನಿಂದಾಗದು. ಆದರೆ ಅವರು ನಿಮಗೆ ಅಂದ ಮಾತನ್ನು ನಾನು ಇಟ್ಟುಕೊಂಡಿರುವುದೂ ಆಗುತ್ತಿಲ್ಲ. ನೀವು ಬಂದರೂ, ಬರದಿದ್ದರೂ ಅದು ನಿಮ್ಮದೇ.

ನಾಳೆ ಬೆಳಿಗ್ಗೆ ಕೊರಿಯರಿಗೆ ಹಾಕುತ್ತೇನೆ. ನನ್ನ ನಂಬರು ಬದಲಾಗಿಲ್ಲ. ದಯವಿಟ್ಟು ಶುಕ್ರವಾರಕ್ಕೆ ಮುಂಚೆ, ಒಂದು ಸಾಲಾದರೂ ಸರಿ, ಬೇಗ ಉತ್ತರ ಕೊಡಿ.